ಅವ್ವನ ನಫಾ

ಮೊನ್ನೆ ಯಲಬುರ್ಗಾ ಕಡೆಯ ಸಂಬಂಧಿಕರೊಬ್ಬರು ಒಂದು ಚೀಲ ಜೋಳ ತಂದುಕೊಟ್ಟರು. ಹಗೇವಿನ ಜೋಳ. ನೆಲದಲ್ಲಿ ಆಳುದ್ದ ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಬಂಡೆ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುವ ಆ ಪದ್ಧತಿ ಈಗ ಅಪರೂಪ. ಹಗೇವಿನ ಜೋಳಕ್ಕೆ ಒಂದು ಹುಳಿ ವಾಸನೆ ಇರುತ್ತದೆ. ಹಿಟ್ಟು ನಾದುತ್ತಿದ್ದ ಸೊಸೆ ಮೂಗು ಮುರಿದು, "ಅತ್ತೀ, ಇದು ಕೆಟ್ಟೈತೇನ್ರಿ?" ಎಂದಳು. ಒಂದೂವರೆ ರೊಟ್ಟಿಗೆ ಕೈ ತೊಳೆಯುವ ನಾನು ಅವತ್ತು ನಾಲ್ಕು ತಿಂದೆ. ಡಾಕ್ಟರು ಸಿಕ್ಕರೆ ನೀವು ಹೇಳಬೇಡಿ.

ಆ ವಾಸನೆ ಮೊದಲ ಸಲ ನನ್ನ ಮೂಗಿಗೆ ಬಡಿದದ್ದು ಏಳನೆಯ ವಯಸ್ಸಿನಲ್ಲಿ, ಕೊಪ್ಪಳ ಕೋರ್ಟಿನ ಅಮೀನ್ ಸಾಹೇಬರ ಸಮ್ಮುಖದಲ್ಲಿ. ನಾನು ಅಪ್ಪನ ಮುಖ ಮೊದಲು ನೋಡಿದ್ದೂ ಅದೇ ದಿನ.

ನನ್ನನ್ನು ಹೆರಲಿಕ್ಕೆಂದು ಅವ್ವ ತವರೂರು ಹಿಟ್ನಾಳಕ್ಕೆ ಬಂದಿದ್ದಳು. ಕರೆದೊಯ್ಯಲು ಅಪ್ಪ ಬರಲೇ ಇಲ್ಲ. ಗಂಗಾವತಿ ಕಡೆ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ ಎಂಬ ಸುದ್ದಿ ಮಾತ್ರ ಬಂತು. ಅವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಗುಣ ನನಗೂ ಬಂದಿದೆ ಎನ್ನುತ್ತಾರೆ. ಹಾಗೆನ್ನುವವರ ಜೊತೆ ನಾನು ಮಾತು ಬಿಟ್ಟಿದ್ದೇನೆ. ಅತ್ತು ಕೂರದೆ ಅವ್ವ ಕೊಪ್ಪಳಕ್ಕೆ ನಡೆದು ಹೋಗಿ ದಾವೆ ಹಾಕಿದಳು. ಅದು ಮುಗಿಯುವಷ್ಟರಲ್ಲಿ ನನಗೆ ಐದು ತುಂಬಿತ್ತು.

ಅದು ನಿಜಾಮರ ಕಾಲ, ಕೋರ್ಟಿನ ಕಾಗದವೆಲ್ಲ ಉರ್ದು. ವಕೀಲರು ಹುಕುಂ ಓದಿ, "ನಫಖಾ ಮಂಜೂರ್ ಆಗೈತವ್ವ" ಎಂದರಂತೆ. ನಫಖಾ ಎಂದರೆ ಹೆಂಡತಿ ಮಕ್ಕಳ ಅನ್ನವಸ್ತ್ರ, ಈಗಿನವರು ಜೀವನಾಂಶ ಎನ್ನುತ್ತಾರಲ್ಲ, ಅದು. ಹಿಟ್ನಾಳ ಮುಟ್ಟುವಷ್ಟರಲ್ಲಿ ನಫಖಾ ಹೋಗಿ ನಫಾ ಆಗಿತ್ತು, ಅಂದರೆ ಲಾಭ. "ಶಾಂತವ್ವಗ ಕೋರ್ಟಿನ್ಯಾಗ ನಫಾ ಆಗೈತಂತ" ಎಂದು ಓಣಿಯ ಹೆಂಗಸರೆಲ್ಲ ಬಾಯಿ ಸಿಹಿ ಮಾಡಿಸಿಕೊಳ್ಳಲು ಬಂದರು. ಅವ್ವ ಯಾರನ್ನೂ ತಿದ್ದಲು ಹೋಗಲಿಲ್ಲ. ಎಲ್ಲರ ಕೈಗೂ ಬೆಲ್ಲ ಹಾಕಿದಳು.

ನಫಾ ಕೈಗೆ ಬರುವುದು ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಸುಗ್ಗಿಗೊಮ್ಮೆ ತಾಯಿ ಮಗಳಿಬ್ಬರ ಹೊಟ್ಟೆಗಾಗುವಷ್ಟು ಜೋಳ ಕೊಡಬೇಕು ಎಂದು ಹುಕುಂ. ಅಪ್ಪ ಎರಡು ಸುಗ್ಗಿ ಹಾಗೇ ದಾಟಿಸಿದ. ಮನೆಯಲ್ಲಿ ಕಾಳೇ ಇಲ್ಲ ಎಂದು ಕೋರ್ಟಿಗೆ ಬರೆದುಕೊಟ್ಟ. ಇತ್ತ ಸೋದರಮಾವನ ಮನೆಯಲ್ಲಿ ನಾವು ಭಾರವಾಗತೊಡಗಿದ್ದೆವು. ಮಾವನ ಹೆಂಡತಿ ನನ್ನ ತಾಟಿಗೆ ರೊಟ್ಟಿ ಹಾಕುವ ಮುಂಚೆ ಒಮ್ಮೆ ಅವ್ವನ ಮುಖ ನೋಡುತ್ತಿದ್ದಳು. ಆ ನೋಟಕ್ಕೆ ಅವ್ವ ಬಹಳ ಅಂಜುತ್ತಿದ್ದಳು. ಕೊನೆಗೆ ಕೋರ್ಟು ಜಪ್ತಿಗೆ ಅಮೀನರನ್ನು ಕಳಿಸಿತು. ಕಾಳು ಸಿಕ್ಕರೆ ನಮಗೆ. ಸಿಗದಿದ್ದರೆ ಅಪ್ಪ ಬರೆದುಕೊಟ್ಟದ್ದೇ ನಿಜವಾಗುತ್ತಿತ್ತು.

ಬೆಳಗಿನ ಹೊತ್ತಿಗೆ ಅಮೀನ್ ಸಾಹೇಬರು, ಅವರ ಇಬ್ಬರು ಜವಾನರು, ಅವ್ವ, ನಾನು ಅಪ್ಪನ ಊರಿಗೆ ಹೋಗಿ ಬಂಡಿ ಇಳಿದೆವು. ಸುಗ್ಗಿಗೆಂದು ಗಂಗಾವತಿಯಿಂದ ಬಂದಿದ್ದ ಅಪ್ಪ ಕಟ್ಟೆಯ ಮೇಲೆ ಮೀಸೆ ತಿರುವುತ್ತ ಕೂತಿದ್ದ. ನನ್ನ ಕಡೆ ನೋಡಿಯೂ ನೋಡದ ಹಾಗೆ, "ಹಗೇವು ಇಲ್ರಿ ಸಾಹೇಬ್ರ. ಇದ್ದದ್ದೊಂದು ಕುಸದು ಹೋಗೈತಿ" ಎಂದ.

ಅವ್ವ ತನಗೆ ಗೊತ್ತಿದ್ದ ಜಾಗ ತೋರಿಸಿದಳು. ಜವಾನರು ಅಗೆದರು. ನಿಜವಾಗಿಯೂ ಕುಸಿದಿತ್ತು, ಒಳಗೆ ಬರೀ ಮಣ್ಣು. ಅವಳು ತವರಿಗೆ ಬಂದ ಮೇಲೆ ಹೊಸದು ತೋಡಿದ್ದರೆ ಅವಳಿಗೆ ಹೇಗೆ ಗೊತ್ತಾಗಬೇಕು? ಅವ್ವನ ಮುಖ ಸಪ್ಪಗಾಯಿತು. ಸಾಹೇಬರು ಬಾಗಿಲಲ್ಲಿ ನಿಂತಿದ್ದ ನನ್ನ ಅಜ್ಜಿಯನ್ನು, ಅಪ್ಪನ ಅವ್ವನನ್ನು, ಕೇಳಿದರು.

"ಬಾಯಿ ಬಿಡೂದಿಲ್ಲಂತ ಮಗಗ ಆಣಿ ಮಾಡೇನ್ರಿ ಸಾಹೇಬ್ರ" ಎಂದಳು ಅಜ್ಜಿ. ಎಂದವಳು ಒಳಗಿಂದ ಒಂದು ಚಾಪೆ ತಂದು, ಎತ್ತು ಕಟ್ಟುವ ಗೂಟದ ಪಕ್ಕ ಉರಿಬಿಸಿಲಲ್ಲಿ ಹಾಸಿ, ನನ್ನ ರಟ್ಟೆ ಹಿಡಿದು ಅದರ ಮೇಲೆ ಕೂಡಿಸಿದಳು. "ಮಮ್ಮಗಳು ಮೊದಲ್ನೇ ಸಲ ಬಂದಾಳ್ರಿ. ಆಕಿನ್ನ ಎಲ್ಲಿ ಕುಂದ್ರಸಬೇಕೋ ಅಲ್ಲೇ ಕುಂದ್ರಸೇನಿ."

ಬೇವಿನ ನೆರಳು ಅಷ್ಟಿರುವಾಗ ನನಗೇಕೆ ಬಿಸಿಲು ಎಂದು ನಾನು ರಾಗ ತೆಗೆದೆ. ಇಡೀ ಊರಲ್ಲಿ ಅರ್ಥವಾಗದೇ ಇದ್ದವಳು ನಾನೊಬ್ಬಳೇ. ಸಾಹೇಬರು ಬಂದು ಚಾಪೆಯ ಅಂಚಿಗೆ ಕೋಲಿನಿಂದ ಕುಟ್ಟಿದರು. ಟೊಳ್ಳು ಸದ್ದು ಬಂತು. "ಬೇಟಿ, ಸ್ವಲ್ಪ ಏಳವ್ವ" ಎಂದರು.

ಬಂಡೆ ಸರಿಸಿದಾಗ ಎದ್ದ ಹುಳಿ ಹಬೆಯೇ ನಾನು ಮೊದಲಿಗೆ ಹೇಳಿದ ವಾಸನೆ. ಆದರೆ ಹಗೇವು ತೆರೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಹಗ್ಗಕ್ಕೆ ಕಟ್ಟಿ ದೀಪ ಇಳಿಬಿಟ್ಟರು, ಆರಿತು. ಸರ್ಕಾರದ ಹುಕುಮನ್ನು ಗಾಳಿ ಕೇಳಬೇಕಲ್ಲ? ಎಲ್ಲರೂ ಕಾಯುತ್ತ ಕೂತರು. ಅಜ್ಜಿ ಒಲೆ ಹೊತ್ತಿಸಿದಳು. ಅವ್ವ ಯಾರೂ ಕರೆಯದಿದ್ದರೂ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಪುಂಡಿಪಲ್ಯ, ಗುರೆಳ್ಳು ಪುಡಿ, ಮೊಸರು. ಜಪ್ತಿ ಮಾಡಲು ಬಂದವರೂ ಜಪ್ತಿಗೆ ಸಿಕ್ಕವನೂ ಒಂದೇ ಕಟ್ಟೆಯ ಮೇಲೆ ಉಂಡರು. ಕಾಳೇ ಇಲ್ಲದ ಮನೆಯಲ್ಲಿ ಅಷ್ಟು ರೊಟ್ಟಿ ಎಲ್ಲಿಂದ ಬಂದವೆಂದು ಸಾಹೇಬರು ಕೇಳಲಿಲ್ಲ. "ಭಾಳ ಛಲೋ ಅದಾವು" ಎಂದಷ್ಟೇ ಹೇಳಿದರು.

"ನಮ್ಮಾಕಿ ಬಡದದ್ದಲ್ಲೇನ್ರಿ ಮತ್ತ" ಎಂದುಬಿಟ್ಟ ಅಪ್ಪ.

"ನಮ್ಮಾಕಿ ಅನ್ನೂದು ಈಗ ನೆಪ್ಪಾತೇನು?" ಎಂದಳು ಅಜ್ಜಿ. ಅಪ್ಪ ತಲೆ ಎತ್ತದೆ ಮೊಸರು ಕಲಸಿಕೊಂಡ.

ಬಿಸಿಲು ವಾಲುವ ಹೊತ್ತಿಗೆ ದೀಪ ಆರದೆ ನಿಂತಿತು. ಇಳಿಯುವವರು ಯಾರು? ಜವಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪನಿಗೆ ತಡೆಯಲಾಗಲಿಲ್ಲ. "ಸರೀರಿ ಅತ್ಲಾಗ. ಗೊತ್ತಿಲ್ಲದಾವ್ರು ಇಳದ್ರ ಕಾಳು ತುಳದು ಹಾಳ ಮಾಡ್ತಾರ" ಎಂದು ಅಂಗಿ ಕಳಚಿ ತಾನೇ ಇಳಿದ. ತನ್ನ ಮನೆಯ ಜಪ್ತಿಗೆ ತಾನೇ ಆಳಾದ. ಬುಟ್ಟಿಯ ಹಿಂದೆ ಬುಟ್ಟಿ ಮೇಲೆ ಬಂತು, ಅವ್ವ ಚೀಲಕ್ಕೆ ಸುರಿದಳು. ಸಾಹೇಬರು "ಬಸ್, ಹುಕುಂನಷ್ಟು ಆತು" ಎಂದರು. ಆಮೇಲೂ ಕೆಳಗಿನಿಂದ ಒಂದು ಬುಟ್ಟಿ ಬಂತು.

"ಇದು ಕೋರ್ಟಿಂದಲ್ಲ. ಕೂಸಿಗೆ ನಾ ಕೊಟ್ಟಿದ್ದು" ಎಂದಿತು ಅಪ್ಪನ ದನಿ.

ಅವ್ವ ಬುಟ್ಟಿ ಕೈಗೆತ್ತಿಕೊಂಡಳು. "ಕೂಸಿನ ಪಾಲು ಹುಕುಂನ್ಯಾಗ ಬಂದೈತ್ರಿ. ದಾನದ್ದು ಬ್ಯಾಡ" ಎಂದು ಬುಟ್ಟಿಯನ್ನು ಹಗೇವಿನ ಬಾಯಿಗೆ ಬೋರಲು ಹಾಕಿದಳು. ನಾನು ಬಗ್ಗಿ ನೋಡಿದೆ. ಅಪ್ಪನ ತಲೆ, ಹುಬ್ಬು, ಆ ಮೀಸೆ, ಎಲ್ಲ ಜೋಳ. ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ನನ್ನನ್ನೇ ನೋಡಿ ನಕ್ಕುಬಿಟ್ಟ. ಅಜ್ಜಿ ನಕ್ಕು ನಕ್ಕು ಗೂಟ ಹಿಡಿದುಕೊಂಡು ಕೂತಳು. ಅಪ್ಪನ ಮುಖ ಎಂದರೆ ನನಗೆ ಇಂದಿಗೂ ಅದೇ.

ಚೀಲಗಳ ಮೇಲೆ ಕೂತು ಹಿಟ್ನಾಳಕ್ಕೆ ಬಂದೆವು. ದಾರಿಯುದ್ದಕ್ಕೂ ಅವ್ವ ಹಾಡಿದಳು. ಅವಳ ದನಿ ಬಹಳ ಕೆಟ್ಟದು, ಎತ್ತುಗಳು ತಾಳಿಕೊಂಡವು. ಮರುದಿನ ಮಾವನ ಹೆಂಡತಿ ರೊಟ್ಟಿ ಹಾಕುವಾಗ ಅವ್ವನ ಮುಖ ನೋಡಲಿಲ್ಲ. ನನ್ನ ತಾಟು ನೋಡಿ ಹಾಕಿದಳು.

"ಆಮ್ಯಾಲೆ ನಿಮ್ಮಪ್ಪಾರು ಕರಿಯಾಕ ಬಂದ್ರೇನ್ರಿ ಅತ್ತೀ?" ಎಂದು ಸೊಸೆ ಕೇಳಿದಳು. ಎಲ್ಲರೂ ಇದನ್ನೇ ಕೇಳುತ್ತಾರೆ. ಬರಲಿಲ್ಲ ಎಂದು ಹೇಳಿ ನಾನು ಸುಮ್ಮನಾಗುತ್ತಿದ್ದೆ. ಕೇಳಿದವರು ಅಯ್ಯೋ ಎನ್ನುತ್ತಿದ್ದರು. ಆ ಅಯ್ಯೋ ನನಗೆ ಕೊಂಚ ಹಿತವಾಗಿಯೂ ಇರುತ್ತಿತ್ತು. ಮೊನ್ನೆ ಮಾತ್ರ ಮಾತು ಅಲ್ಲಿಗೆ ನಿಲ್ಲಲಿಲ್ಲ. "ಅಪ್ಪ ಬರಲಿಲ್ಲವ್ವ. ಜೋಳ ಬಂತು. ನನ್ನ ಮದುವಿ ಆಗೂತನಕ ಒಂದು ಸುಗ್ಗಿನೂ ತಪ್ಪಲಿಲ್ಲ" ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು: ಅವ್ವ ಅಷ್ಟು ದೂರ ನಡೆದು ಹೋಗಿ ಕೋರ್ಟಿಗೆ ಜೋಳ ಕೇಳಿದ್ದಳು, ಗಂಡನನ್ನು ಕೇಳಿರಲಿಲ್ಲ. ಕೇಳಿದ್ದಷ್ಟೂ ಅವಳಿಗೆ ಸಿಕ್ಕಿತ್ತು.