ರಹಮತಬಿ ಚಾಚಿಯ ಎರಡು ವರ್ಷ

ಇವತ್ತು ಬೆಳಿಗ್ಗೆ ಬಾಗಿಲು ತೆರೆದದ್ದೇ ತಡ, ಲೋಬಾನದ ಹೊಗೆ ಮೂಗಿಗೆ ಬಡಿಯಿತು. ಓಣಿಯ ಆ ತುದಿಯ ಮನೆಯಲ್ಲಿ ಕೂಸು ಹುಟ್ಟಿದೆ. ಎರೆದು, ಕೆಂಡದ ಮೇಲೆ ಲೋಬಾನ ಹಾಕಿ, ಕೂಸಿನ ತಲೆಗೆ ಹೊಗೆ ಹಿಡಿಯುತ್ತಿದ್ದಾರೆ. ಬೇರೆಯವರಿಗೆ ಈ ವಾಸನೆ ಬಂದರೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗಂತೂ ನಮ್ಮ ಮನೆಯ ನಡುಮನೆಯಲ್ಲಿ ನಡೆದ ಒಂದು ಲೆಕ್ಕಾಚಾರ ನೆನಪಾಗಿ ಈಗಲೂ ಮೈ ಜುಮ್ಮೆನ್ನುತ್ತದೆ. ಲೆಕ್ಕವೆಂದರೆ ದುಡ್ಡಿನದಲ್ಲ, ಗಾಬರಿಯಾಗಬೇಡಿ. ವಯಸ್ಸಿನದು! ಇಬ್ಬರು ಮುದುಕಿಯರು, ಒಂದು ತೊಟ್ಟಿಲು, ಎಲ್ಲಿಂದಲೋ ಹೆಚ್ಚಿಗೆ ಬಂದು ನಮ್ಮ ನಡುವೆ ಕುಳಿತುಬಿಟ್ಟ ಎರಡು ವರ್ಷ.

ಗದಗ ಹೊಸ ಜಿಲ್ಲೆಯಾದ ಹೊಸತರ ಮಾತಿದು. ಬೆಟಗೇರಿಯಲ್ಲಿ ಬಾಡಿಗೆ ಮನೆ ಹಿಡಿದು, ಹೊಸದಾಗಿ ಬಂದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಅಲ್ಲಿಯವರೆಗೆ ಸಣ್ಣಪುಟ್ಟ ಕೆಲಸಕ್ಕೂ ಜನ ಧಾರವಾಡಕ್ಕೆ ಹೋಗಬೇಕಿತ್ತು. ಹೋದರೆ ಆ ದಿನ ಮುಗಿದಂತೆಯೇ. ಈಗ ಅದೇ ದಿನ ಊರೊಳಗಿನ ಒಂದು ತಾಸಾಗಿತ್ತು. ಉಳಿದ ತಾಸುಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವರು ನಮ್ಮ ಕಚೇರಿಯ ಮುಂದೆಯೇ ಚಹಾ ಕುಡಿಯುತ್ತ ಕೂರುತ್ತಿದ್ದರು. ನನಗೆ ಕಾಲವೆಂದರೆ ಹತ್ತೂವರೆಯಿಂದ ಐದೂವರೆ. ಲೋಕಕ್ಕೆಲ್ಲ ಹಾಗೆಯೇ ಎಂದು ತಿಳಿದಿದ್ದ ಜಾಣ ನಾನು! ‘ಹಿಂದೆ ಯಾವಾಗ ಬಂದಿದ್ರಿ?’ ಎಂದು ಕೇಳಿದರೆ ಬೆಟಗೇರಿಯ ನೇಕಾರ ‘ಎರಡು ಸೀರಿ ಹಿಂದ್ರೀ’ ಅನ್ನುತ್ತಿದ್ದ. ಲಕ್ಷ್ಮೇಶ್ವರದ ಅಂಗಡಿಯವರಿಗೆ ಎಲ್ಲವೂ ದೀಪಾವಳಿ ಪೂಜೆಯ ಹಿಂದೆ, ಇಲ್ಲವೇ ಮುಂದೆ. ಕಪ್ಪತಗುಡ್ಡದ ಕಡೆಯ ಕುರಿಗಾರನೊಬ್ಬ ‘ಗುಡ್ಡದ ಹುಲ್ಲು ಒಣಗೂ ಮುಂದ ಬಂದಿದ್ನಲ್ರಿ’ ಎಂದು ನನಗೇ ಮರೆವು ಎಂಬಂತೆ ನೋಡಿದ. ಇನ್ನು ಶಿರಹಟ್ಟಿ ಬಸ್ಸಿನ ಕಂಡಕ್ಟರ್ ‘ಈಗ ಬಿಡ್ತೀವ್ರಿ’ ಅಂದರೆ, ಆ ‘ಈಗ’ದೊಳಗೆ ನಾನು ಎರಡು ಕಪ್ ಚಹಾ, ಒಂದು ಪ್ಲೇಟ್ ಮಿರ್ಚಿ ಭಜಿ ಮುಗಿಸಿ, ಪೇಪರು ಓದಿ, ಬಸ್ಸು ಇನ್ನೂ ಅಲ್ಲೇ ಇರುವುದನ್ನು ನೋಡಿದ್ದೇನೆ.

ಇರಲಿ, ತೊಟ್ಟಿಲಿನ ಮಾತಿಗೆ ಬರೋಣ. ನಮ್ಮ ಮೊದಲ ಕೂಸು ಉಳಿದಿರಲಿಲ್ಲ. ಆಮೇಲೆ ಬಹಳ ವರ್ಷಕ್ಕೆ ಮಗಳು ಹುಟ್ಟಿದಳು. ಹೆಂಡತಿಗೆ ಖುಷಿಗಿಂತ ಅಂಜಿಕೆಯೇ ಹೆಚ್ಚು. ಕೂಸು ಸೀನಿದರೆ ಸಾಕು, ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಯಾರ ಮನೆಯ ಕೂಸೇ ಆಗಲಿ, ತೊಟ್ಟಿಲಿಗೆ ಮೊದಲು ಹಾಕುವ ಕೈ ಓಣಿಯ ಹಿರಿಯ ಹೆಂಗಸಿನದು. ಅವರ ಆಯುಷ್ಯ ಕೂಸಿಗೆ ಬರುತ್ತದೆಂಬ ನಂಬಿಕೆ. ಆ ಹಿರಿಯರು ರಹಮತಬಿ ಚಾಚಿ. ಲಕ್ಷ್ಮೇಶ್ವರದಿಂದ ಬಂದವರು, ಮನೆಯವರೆಲ್ಲ ಗಾದಿ ತುಂಬುವ ಕೆಲಸದವರು. ಅವರ ಪಕ್ಕದ ಮನೆ ಡೋಣಿಯ ಗಂಗವ್ವನದು, ಹೊಲದಲ್ಲೇ ಬೆಳೆದ ಜೀವ. ಇಪ್ಪತ್ತು ವರ್ಷದಿಂದ ಗಂಗವ್ವ ಚಾಚಿಯನ್ನು ‘ಅಕ್ಕಾ’ ಅನ್ನುತ್ತಿದ್ದರು, ಚಾಚಿ ಅವರನ್ನು ‘ಗಂಗೀ’ ಅನ್ನುತ್ತಿದ್ದರು. ಅಕ್ಕತನ ಬರೀ ಬಾಯಿಮಾತಿನದಲ್ಲ. ಗಂಗವ್ವ ಬರಿಗಾಲಲ್ಲಿ ಬಿಸಿಲಿಗೆ ಹೋದರೆ ಬೈಯುವುದು, ಮಗನ ಜೊತೆ ಮುನಿಸಿಕೊಂಡರೆ ಕರೆದು ಉಣಿಸುವುದು, ಎಲ್ಲವೂ ಚಾಚಿಯ ಹಕ್ಕು. ಅವರು ಅದನ್ನು ಬಿಗಿಯಾಗಿಯೇ ಚಲಾಯಿಸುತ್ತಿದ್ದರು.

ತೊಟ್ಟಿಲ ದಿನ ಹರ್ತಿಯಿಂದ ನಮ್ಮ ಅತ್ತೆ ಬಂದರು. ಪದ್ಧತಿಯೆಂದರೆ ಪದ್ಧತಿ, ಒಂದು ಕೂದಲೆಳೆ ಆಚೀಚೆ ಆಗುವಂತಿಲ್ಲ. ಗುಗ್ಗರಿ ಬೆಂದಿತ್ತು, ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವ ಗುಂಡಕಲ್ಲಿಗೆ ಕುಂಕುಮ ಹಚ್ಚಿಯಾಗಿತ್ತು, ಓಣಿಯ ಹೆಂಗಸರೆಲ್ಲ ಸೇರಿದ್ದರು. ಆಗ ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು:

‘ಓಣ್ಯಾಗ ಖರೇನ ಹಿರೇರು ಯಾರ್ರಿ? ಸುಮ್ನ ಬಾಯಿಗಿ ಬಂದಿದ್ದು ಹೇಳಬ್ಯಾಡ್ರಿ. ನನ್ನ ಮಗಳು ಒಂದು ಸಲ ಕಳಕೊಂಡಾಳ.’

‘ನನಗ ಅರವತ್ತೆಂಟು, ಗಂಗೀಗಿ ಅರವತ್ತೇಳು,’ ಅಂದರು ಚಾಚಿ. ಗಂಗವ್ವ ಹೌದೆಂದು ತಲೆಯಾಡಿಸಿದರು.

‘ಎಣಿಸಿದ್ದು ಹೆಂಗ?’

‘ಹೆಂಗಂದ್ರ? ರಂಜಾನು ಎಣಿಸೀನಿ. ಮೊದಲನೇ ರೋಜಾ ಹಿಡದಾಗ ನನಗ ಒಂಬತ್ತು. ಹಸ್ತಾ ಮಳಿ ಧೋ ಅಂತ ಸುರೀತಿತ್ತು. ಮೋಡದಾಗ ಹೊತ್ತು ಮುಳಗಿದ್ದು ತಿಳೀವಲ್ದು, ಹೊಟ್ಟಿ ಹಸಿವಿ ತಡೀವಲ್ದು. ಆತೇನಬೇ, ಆತೇನಬೇ ಅಂತ ನಮ್ಮವ್ವನ ಜೀವಾ ತಿಂದಿದ್ದೆ. ಆವತ್ತಿಂದ ವರ್ಷಾ ಎಣಸ್ಕೋತ ಬಂದೀನಿ.’

ಗಂಗವ್ವ ಥಟ್ಟನೆ ಕಣ್ಣರಳಿಸಿದರು. ‘ಆ ಹಸ್ತಾ ನನಗೂ ನೆನಪೈತಿ ಅಕ್ಕಾ! ಎಲ್ಲೆಲ್ಲೂ ಅದ ಮಳಿ. ಬಿತ್ತಿದ ಜ್ವಾಳ ಕೊಚ್ಚಿಕೊಂಡು ಹೋಗಿ ನಮ್ಮಪ್ಪ ಎರಡನೇ ಸಲ ಬಿತ್ತಿದ್ದ. ನನಗಾಗ ಹತ್ತು…’

ಮಾತು ಅಲ್ಲಿಗೇ ನಿಂತಿತು. ಗಂಗವ್ವ ಬಾಯಿಗೆ ಸೆರಗು ಇಟ್ಟುಕೊಂಡರು. ಅವರಿಗೆ ಅರ್ಥವಾಗಿತ್ತು, ಮುಚ್ಚಿಹಾಕುವ ಮನಸ್ಸೂ ಇತ್ತು. ಆದರೆ ನಾನು ಸುಮ್ಮನಿರಬೇಕಲ್ಲ! ಹೆಂಗಸರ ನಡುವೆ ನನಗೇನು ಕೆಲಸ, ಆದರೂ ಬಾಗಿಲಿಂದಲೇ ಕೂಗಿದೆ: ‘ಅರೇ! ಒಂದೇ ಮಳೆಯಲ್ಲಿ ಗಂಗವ್ವನಿಗೆ ಹತ್ತು, ಚಾಚಿಗೆ ಒಂಬತ್ತು. ಈಗ ಗಂಗವ್ವನಿಗೆ ಅರವತ್ತೇಳು, ಚಾಚಿಗೆ ಅರವತ್ತೆಂಟು! ಚಾಚಿ ನಡುವೆ ಎಲ್ಲೋ ಗಂಗವ್ವನನ್ನು ಹಿಂದೆ ಹಾಕಿಬಿಟ್ಟಿದ್ದಾರೆ!’

ಮನೆಯಲ್ಲಿ ಗದ್ದಲವೋ ಗದ್ದಲ. ಯಾರು ಸುಳ್ಳು ಹೇಳಿದವರು? ಯಾರೂ ಅಲ್ಲ! ಅದೇ ಅಲ್ಲವೇ ಮಜಾ! ಎರಡು ಕಡೆಯವರೂ ಚಂದ್ರನನ್ನೇ ನೋಡಿ ತಿಂಗಳು ಎಣಿಸುವವರು. ಆದರೆ ನಮ್ಮವರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸವೆಂದು ಒಂದು ತಿಂಗಳು ಸೇರಿಸಿ ವರ್ಷವನ್ನು ಮಳೆಗೆ ಹೊಂದಿಸಿಕೊಳ್ಳುತ್ತಾರೆ. (ಅಳಿಯನಾದ ನನಗೆ ಅಧಿಕ ಮಾಸವೆಂದರೆ ಅತ್ತೆಯ ಮನೆಯ ಊಟ, ಹೊಸ ಧೋತರ, ಅದರ ಹಿಂದೆ ಇಷ್ಟೊಂದು ಗಣಿತವಿದೆಯೆಂದು ಆವತ್ತೇ ಹೊಳೆದದ್ದು.) ಚಾಚಿಯ ಕಡೆ ಸೇರಿಸುವ ಮಾತೇ ಇಲ್ಲ. ಹನ್ನೆರಡು ಚಂದ್ರ, ಒಂದು ವರ್ಷ. ಅದಕ್ಕೇ ರಂಜಾನ್ ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಬೇಸಿಗೆಯಲ್ಲಿ, ಆ ವರ್ಷ ಚಳಿಯಲ್ಲಿ. ವರ್ಷಗಳು ಚಿಕ್ಕವು, ಹಾಗಾಗಿ ಬೇಗ ಬೇಗ ಬರುತ್ತವೆ. ಆ ಹಸ್ತ ಮಳೆಯಿಂದ ಈಚೆಗೆ ಚಾಚಿಗೆ ಎರಡು ವರ್ಷ ಹೆಚ್ಚಿಗೆ ಬಂದಿದ್ದವು! ನಾನು ಬೆರಳು ಮಡಚಿ ಮಡಚಿ ಇದನ್ನೆಲ್ಲ ವಿವರಿಸುತ್ತಿದ್ದೆ, ಹಿಗ್ಗಿ ಹೀರೇಕಾಯಿಯಾಗಿದ್ದೆ.

ಆಮೇಲೆ ಚಾಚಿಯ ಮುಖ ನೋಡಿದೆ.

ಅವರು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಓಣಿಯ ಎಷ್ಟೋ ಕೂಸುಗಳನ್ನು ತೊಟ್ಟಿಲಿಗೆ ಹಾಕಿದ್ದ ಕೈ ಅದು. ಅವರು ಮೆಲ್ಲಗೆ ಕೂಸನ್ನೆತ್ತಿ ಗಂಗವ್ವನ ಕಡೆ ಚಾಚಿದರು. ‘ಹಿಡಿ. ನಿನ್ನ ಕೈಲೇ ಆಗ್ಲಿ. ಕೂಸಿನ ಆಯುಷ್ಯದ ಮಾತು, ಇದರಾಗ ಸುಳ್ಳು ನಡ್ಯಂಗಿಲ್ಲ.’ ಆಮೇಲೆ ಸೇರಿಸಿದರು: ‘ಹಿಡೀ… ಅಕ್ಕಾ.’

ಒಳಕೋಣೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳಿಗೆ ಚಾಚಿಯ ಕೈಯೂ ಬೇಕು, ಹಿರಿಯರ ಕೈಯೂ ಬೇಕು. ಅತ್ತೆ ಗುಂಡಕಲ್ಲು ಹಿಡಿದು ಕಲ್ಲಿನಂತೆಯೇ ಕೂತಿದ್ದರು.

ಗಂಗವ್ವ ಕೂಸನ್ನು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಸಿಟ್ಟಿನಿಂದಲೇ ಕೇಳಿದರು:

‘ಆ ಎರಡು ವರ್ಷದಾಗ ನೀ ರೋಜಾ ಹಿಡದೀ ಇಲ್ಲೋ?’

‘ಹಿಡದೀನಿ.’

‘ಬ್ಯಾಸಗ್ಯಾಗ ಉಗುಳು ಸೈತ ನುಂಗದ ಕುಂತೀ ಇಲ್ಲೋ? ಹಬ್ಬಕ್ಕ ಸುರಕುಂಬಾ ಮಾಡಿ ಓಣಿಗೆಲ್ಲಾ ಕೊಟ್ಟೀ ಇಲ್ಲೋ?’

‘ಕೊಟ್ಟೀನಿ.’

‘ಹಂಗಾದ್ರ ಅವೆಲ್ಲಾ ಖೊಟ್ಟಿ ಹೆಂಗ ಆಗ್ತಾವು? ಹಸದಾಕಿ ನೀನು. ಅವನ್ನ ಕಳ್ಯಾಕ ಈ ತಮ್ಮ ಯಾರು?’ ಎಂದು ಬಾಗಿಲಲ್ಲಿದ್ದ ನನ್ನ ಕಡೆ ಕೈ ತೋರಿಸಿದರು. ‘ನಾ ನನ್ನ ಮಳಿ ಎಣಿಸೀನಿ, ನೀ ನಿನ್ನ ಉಪಾಸ ಎಣಿಸೀ. ನಂದು ಅರವತ್ತೇಳು, ನಿಂದು ಅರವತ್ತೆಂಟು. ಹಾಕ ಅಕ್ಕಾ ಕೂಸಿನ್ನ, ಹೊತ್ತಾತು!’

ಎಲ್ಲರೂ ಅತ್ತೆಯ ಮುಖ ನೋಡಿದೆವು. ಅತ್ತೆ ಏಕಾದಶಿ, ಸೋಮವಾರ ಒಂದನ್ನೂ ಬಿಡದವರು. ‘ಉಪಾಸದ ಲೆಕ್ಕಾ ನನಗೂ ತಿಳೀತೈತ್ರಿ,’ ಅಂದರು. ‘ಹಸದಿದ್ದು ಎಂದೂ ಸುಳ್ಳಾಗಂಗಿಲ್ಲ. ಹಾಕ್ರಿ ನೀವ.’ ಚಾಚಿ ಕಣ್ಣೊರೆಸಿಕೊಂಡು ಕೂಸನ್ನು ತೊಟ್ಟಿಲಿಗೆ ಹಾಕಿದರು. ಮಗಳು ಓಣಿಯೇ ಕೇಳುವಂತೆ ಕಿರುಚಿದಳು, ಹೆಂಡತಿ ಬಾಣಂತಿ ಎಂಬುದನ್ನೂ ಮರೆತು ಗಟ್ಟಿಯಾಗಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ನಾನು ಯಾವ ಕೆಲಸವೂ ಇಲ್ಲದೆ ಎಲ್ಲರಿಗೂ ಎರಡೆರಡು ಸಲ ಗುಗ್ಗರಿ ಹಂಚಿದೆ.

ಮಗಳು ಈಗ ಶಾಲೆಯಲ್ಲಿ ಹುಡುಗರನ್ನೂ ಓಟದಲ್ಲಿ ಸೋಲಿಸುತ್ತಾಳೆ. ರಹಮತಬಿ ಚಾಚಿ ಹೋದ ವರ್ಷ ತೀರಿಕೊಂಡರು. ಇವತ್ತು ಅವರ ವರ್ಷದ ಫಾತಿಹಾ ಓದಿಸುವ ದಿನ. ಅವರ ಮಗ ನಿನ್ನೆಯೇ ಬಂದು ಕರೆದು ಹೋಗಿದ್ದ. ಸಂಜೆ ನಾವು ಹೋಗುವಷ್ಟರಲ್ಲಿ ಗಂಗವ್ವ ನಮಗಿಂತ ಮುಂದೆ ಹೊರಟಿದ್ದರು. ಸೊಂಟ ಬಾಗಿದೆ, ಆದರೂ ಮಾದಲಿಯ ಡಬ್ಬಿಯನ್ನು ಯಾರ ಕೈಗೂ ಕೊಡಲೊಲ್ಲರು. ಮುಂಜಾನೆಯಿಂದ ತಾವೇ ಕುಟ್ಟಿ, ಬೆಲ್ಲ ಬೆರೆಸಿ ಮಾಡಿದ್ದಂತೆ.

ಚಾಚಿಯ ಸೊಸೆ ಬಾಗಿಲಲ್ಲಿ ಡಬ್ಬಿ ಇಸಕೊಂಡು ಸಂಕೋಚದಿಂದ ಕೇಳಿದಳು: ‘ಯಾಕ್ ತ್ರಾಸ ತಗೊಂಡ್ರಿ ಅವ್ವಾರ? ಈ ಸಲ ಅಧಿಕ ಮಾಸ ಬಂದೈತಿ. ನಿಮ್ಮ ಲೆಕ್ಕದಾಗ ವರ್ಷ ತುಂಬಾಕ ಇನ್ನೂ ಒಂದು ತಿಂಗಳು ಐತೆಲ್ರಿ?’

‘ಇದ್ದೀತು,’ ಅಂದರು ಗಂಗವ್ವ, ಹೊಸ್ತಿಲ ಮೇಲೆ ಕೈಯೂರಿ ಒಳಗೆ ಕಾಲಿಡುತ್ತ. ‘ನನ್ನ ಲೆಕ್ಕಾ ತಗೊಂಡು ಅಕ್ಕನ್ನ ಒಂದು ತಿಂಗಳು ಕಾಯಸ್ಲೇನವಾ?’