ಬಾಣಂತಿ ಕೋಣೆಯ ಕಿಟಕಿ ಕದ

ಬಾಣಂತಿಯರಿಗೆ ಶಗಡಿಯ ಕೆಂಡದಿಂದ ಮೈ ಕಾಸುವುದು ಇಬ್ರಾಹಿಂಪುರದ ಆಶಾಬಿಯ ಮೂವತ್ತು ವರ್ಷದ ಕೆಲಸ. ಜಾಲಿ ಕಟ್ಟಿಗೆ ಒಣಗಿದೆಯೋ ಇಲ್ಲವೋ ಎಂಬುದನ್ನು ಒಂದಕ್ಕೊಂದು ಬಡಿದು ಸಪ್ಪಳದಲ್ಲೇ ಹೇಳುತ್ತಾಳೆ. ಅಂಗಳದಲ್ಲಿ ಹೊತ್ತಿಸಿ, ಹೊಗೆ ಪೂರ್ತಿ ಹೋಗಿ ಕೆಂಡ ನಿಗಿನಿಗಿ ಆದ ಮೇಲೆಯೇ ಒಳಗೆ ತರುತ್ತಾಳೆ. ಬಾಣಂತಿ ಮಲಗಿದ ಹೊರಸಿನಿಂದ ದೂರ ಇಡುತ್ತಾಳೆ, ಕಾಸುವುದು ಮುಗಿದೊಡನೆ ಹೊರಗೊಯ್ಯುತ್ತಾಳೆ. ಇದಕ್ಕೆಲ್ಲ ಯಾರೂ ಅಡ್ಡ ಬರುವುದಿಲ್ಲ. ತಕರಾರೆಲ್ಲ ಕಿಟಕಿಯದು.

ಈ ಡಿಸೆಂಬರಿನಲ್ಲಿ ಗಾಂಧಿ ಚೌಕದ ಹಿಂದಿನ ಓಣಿಯ ಸಖೂಬಾಯಿ, ಮಗಳು ಅನುಜಾಳ ಬಾಣಂತನಕ್ಕೆ ಅವಳನ್ನು ಕರೆಸಿದಳು. ಸಖೂಬಾಯಿಗೆ ಗಾಳಿಯೆಂದರೆ ಹುಟ್ಟಾ ವೈರಿ. ಮಗಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬಾಗಿಲ ಸಂದಿಗೆ ಹಳೆಯ ಧೋತರ. ಆಶಾಬಿ ಕಿಟಕಿಯನ್ನು ಗೇಣಗಲ ತೆರೆಯುವುದು, ಆಕೆ ಬೆನ್ನು ತಿರುಗಿಸಿದೊಡನೆ ಸಖೂಬಾಯಿ ಮುಚ್ಚುವುದು, ಮೂರು ದಿನ ಇದೇ ನಡೆಯಿತು.

ನಾಲ್ಕನೆಯ ದಿನ ಆಶಾಬಿ ಕೆಂಡ ಒಳಗಿಟ್ಟು, ಕೈ ತೊಳೆದು ಬರುವಷ್ಟರಲ್ಲಿ ಸಖೂಬಾಯಿ ಮುಚ್ಚಿದ ಕಿಟಕಿಗೆ ಕೌದಿಯನ್ನೂ ಜಡಿದಿದ್ದಳು.

"ಯವ್ವಾ, ತಲಿ ಸಿಡ್ಯಾಕತ್ತೇತಿ," ಎಂದಳು ಅನುಜಾ.

"ಗಾಳಿ ಹೊಕ್ಕೇತಿ, ಅದಕ್ಕ," ಎನ್ನುತ್ತ ಸಖೂಬಾಯಿ ಸ್ಕಾರ್ಫನ್ನು ಇನ್ನಷ್ಟು ಬಿಗಿದಳು.

ಆ ಮಾತು ಕಿವಿಗೆ ಬಿದ್ದೊಡನೆ ಆಶಾಬಿ ಒಳಗೆ ಧಾವಿಸಿದಳು. ಅನುಜಾಳನ್ನೂ ಕೂಸನ್ನೂ ಪಡಸಾಲೆಗೆ ಕಳಿಸಿ, ಶಗಡಿ ಹೊರಗೆಳೆದು, ಕೌದಿ ಕಿತ್ತಳು. ಅಷ್ಟಕ್ಕೂ ಸಿಟ್ಟು ಇಳಿಯದೆ ಕಿಟಕಿಯ ಕದವನ್ನೇ ಕಳಚಿ, ಬಗಲಲ್ಲಿ ಹಿಡಿದು ಓಣಿ ತುದಿಯಲ್ಲಿ ನಿಂತಿದ್ದ ಬಾಬುವಿನ ಆಟೋ ಹತ್ತಿದಳು.

"ಕದಾ ಎಲ್ಲಿಗಿ ಹೊಂಟೈತಿ, ಆಶಾಬಿ?" ಎಂದ ಬಾಬು.

"ನಮ್ಮ ಮನಿಗಿ, ಮೆಹಮಾನ ಆಗಿ!"

ಸಂಜೆ ಸಖೂಬಾಯಿ ಇಬ್ರಾಹಿಂಪುರಕ್ಕೇ ಬಂದಳು. "ನನ್ನ ಕದಾ ಕೊಡು, ಬೇ! ಓಣಿ ಮಂದಿ ನಗಾಕತ್ತಾರ."

"ನಲವತ್ತು ದಿನ ಮುಗೀಲ್ರಿ, ಕೊಡ್ತೇನಿ."

"ಗಾಳಿಗಿ ನನ್ನ ಮಗಳಿಗೇನರ ಆದ್ರ?"

ಆಶಾಬಿ ತಲೆ ತಗ್ಗಿಸಿದಳು. "ನನ್ನ ಮಗಳು ಮುನೀರಾನ ಬಾಣಂತನದಾಗ ನಾನೂ ಹಿಂಗ ಮುಚ್ಚಿದ್ನಿರಿ. ಕೆಂಡದ ವಿಷಕ್ಕ ಹೊಗಿ ಇರಂಗಿಲ್ಲ, ವಾಸನಿ ಇರಂಗಿಲ್ಲ. ಮುನೀರಾಗ ಎಚ್ಚರ ಬಂತು. ಕೂಸಿಗಿ ಬರಲಿಲ್ಲ."

ಸಖೂಬಾಯಿ ಚಹಾ ಕುಡಿದು, ಕದ ಕೇಳದೆ ಎದ್ದು ಹೋದಳು.

ನಲವತ್ತು ದಿನ ಮುಗಿದ ಮೇಲೆ ಆಶಾಬಿ ಕದವನ್ನು ತೊಡೆಯ ಮೇಲಿಟ್ಟುಕೊಂಡು ಬಾಬುವಿನ ಆಟೋದಲ್ಲಿ ಸಖೂಬಾಯಿಯ ಮನೆಗೆ ಬಂದಳು. ಒಳಗೆ ಅನುಜಾಳ ಕೂಸು ಓಣಿ ಎದ್ದು ಬರುವಂತೆ ಅಳುತ್ತಿತ್ತು. ಸಖೂಬಾಯಿ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು.

"ಹೊಳ್ಳಿ ಒಯ್ಯಿ, ಆಶಾಬಿ. ಥಂಡಿ ಇನ್ನೂ ಐತಿ, ಕದಾ ಇದ್ರ ನನ್ನ ಕೈ ಮುಚ್ಚದ ಸುಮ್ಮನಿರಂಗಿಲ್ಲ."