ಗುಬ್ಬಿ ಓದಿದ ಚೀಟಿ

ಆ ಸೋಮವಾರ ನಮ್ಮ ಯಜಮಾನರು ಬೆಳಿಗ್ಗೆಯಿಂದ ಚೀಟಿ ಕತ್ತರಿಸುತ್ತಾ ಕೂತಿದ್ದರು. ಹಳೇ ಕ್ಯಾಲೆಂಡರಿನ ಹಿಂಬದಿ, ದಪ್ಪ ಕಪ್ಪು ಪೆನ್ನು, ನನ್ನ ಅಡುಗೆಮನೆಯ ಕತ್ತರಿ. ಕೇಳಿದರೆ ಕತ್ತರಿ ಕೊಡಲಿಲ್ಲ.

"ಹಾಲಿನ ಪ್ಯಾಕೆಟ್ಟು ಹಲ್ಲಲ್ಲಿ ಹರೀಲಾ ರೀ?"

"ಹರಿ. ಹಲ್ಲಿರೋವಾಗ್ಲೇ ಹರಿದುಬಿಡು."

ಆ ದಿನದ ಮಾತಿನಲ್ಲಿ ನನಗೆ ನೆನಪಿರುವುದು ಇಷ್ಟೇ. ಮಾರನೇ ದಿನ ಅವರಿರುವುದಿಲ್ಲ ಎಂದು ಗೊತ್ತಿದ್ದರೆ ಬೇರೆ ಏನಾದರೂ ಕೇಳುತ್ತಿದ್ದೆ.

ಅವರು ಪ್ರೈಮರಿ ಸ್ಕೂಲಿನ ಮೇಷ್ಟ್ರು. ನಿವೃತ್ತಿಯಾದರೂ ಪಾಠದ ಚಟ ಬಿಡಲಿಲ್ಲ. ನಮ್ಮದು ಮಹಡಿ ಮನೆ. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಮೆಟ್ಟಿಲು ದಡದಡ ಹತ್ತಿ ಮುಂದಿನ ಕೋಣೆಗೆ ಬರುತ್ತಿದ್ದವು. ಎಲ್ಲರಿಗಿಂತ ಚಿಕ್ಕವಳು ಕೆಳಮನೆಯ ಟೈಲರಮ್ಮನ ಮಗಳು. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

ವ್ಯಾಕರಣ ಅಂದರೆ ಮಕ್ಕಳಿಗೆ ಹೊಟ್ಟೆನೋವು ಬರುತ್ತೆ, ಅದಕ್ಕೇ ಆಟ ಆಡಿಸಬೇಕು ಎನ್ನುತ್ತಿದ್ದರು. ಮೊದಲು ಮಕ್ಕಳು ಸರದಿಯ ಮೇಲೆ ಒಂದು ಕಥೆ ಓದಬೇಕು. ಆಮೇಲೆ ಕಥೆಯಲ್ಲಿ ಇದ್ದವನ ಹೆಸರು ತೆಗೆದು ಅಲ್ಲಿ ಮೇಷ್ಟ್ರನ್ನು ಕೂರಿಸಬೇಕು. ಒಂದೊಂದು ಪದ ಬರೆದ ಚೀಟಿ ಜೋಡಿಸಿ ವಾಕ್ಯ ಮಾಡಿ ಗಟ್ಟಿಯಾಗಿ ಓದಬೇಕು. ಓದಿದ್ದನ್ನು ಇವರು ಮಾಡಿ ತೋರಿಸುತ್ತಿದ್ದರು. ವಾಕ್ಯ ತಪ್ಪಿದರೆ ಅಲುಗಾಡುತ್ತಿರಲಿಲ್ಲ, ಇಲ್ಲವೇ ತಪ್ಪನ್ನೇ ನಟಿಸಿ ಗೇಲಿ ಮಾಡುತ್ತಿದ್ದರು.

"ಮೇಷ್ಟ್ರು ಕೂತಿತು."

"ಕೂತಿತು ಅಂದ್ರೆ ಬೆಕ್ಕು. ಹೋಗಿ ಬೆಕ್ಕನ್ನ ಕರ್ಕೊಂಡು ಬಾ."

"ಮೇಷ್ಟ್ರು ಕೂತಳು."

ಆಗ ಒಳಗೆ ಬಂದು ನನ್ನ ಸೆರಗು ಎಳೆದು ತಲೆ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ನಾನು ಬೈಯುತ್ತಿದ್ದೆ. ಸರಿಯಾಗಿ "ಕೂತರು" ಎಂದು ಓದುವವರೆಗೂ ನನ್ನ ಸೆರಗು ನನಗೆ ಸಿಗುತ್ತಿರಲಿಲ್ಲ.

ಮಂಗಳವಾರ ದಾರಿ ನಡೆದು ಸುಸ್ತಾದವನ ಕಥೆ. ನಾನು ಒಳಗೆ ಪಾತ್ರೆ ಉಜ್ಜುತ್ತಿದ್ದೆ. ಗುಬ್ಬಿಯ ಸರದಿ. ಅವಳ ದನಿ ಸಣ್ಣದು, ಆದರೆ ತಪ್ಪಿಲ್ಲದೆ ಓದುತ್ತಾಳೆ.

"ಮೇಷ್ಟ್ರು ನೆಲದ ಮೇಲೆ ಬಿದ್ದರು."

ಧೊಪ್ಪೆಂದು ಸದ್ದಾಯಿತು. ಮಕ್ಕಳೆಲ್ಲ ನಕ್ಕವು. ದಿನಾ ಬೀಳುವುದಕ್ಕಿಂತ ಚೆನ್ನಾಗಿ ಬಿದ್ದರು ಅಂತ ಚಪ್ಪಾಳೆ ಬೇರೆ.

"ಮೇಷ್ಟ್ರು ಎದ್ದರು," ಎಂದಳು ಗುಬ್ಬಿ.

ಸದ್ದಿಲ್ಲ.

"ಸರಿಯಾಗಿ ಓದೇ! ಅದಕ್ಕೇ ಏಳ್ತಿಲ್ಲ!" ಎಂದ ಯಾವನೋ ದೊಡ್ಡ ಹುಡುಗ.

"ಮೇಷ್ಟ್ರು ಎದ್ದನು. ಮೇಷ್ಟ್ರು ಏಳುತ್ತಾರೆ. ಮೇಷ್ಟ್ರು ಎದ್ದರು, ಎದ್ದರು, ಎದ್ದರು." ಅವಳ ದನಿ ಒಂದೊಂದು ಸಲಕ್ಕೂ ಮೇಲೆ ಹೋಗುತ್ತಿತ್ತು. ಆಮೇಲೆ ಎಲ್ಲರೂ ಸೇರಿ ಕೂಗತೊಡಗಿದರು. ಅದರಲ್ಲಿ ನಗು ಇರಲಿಲ್ಲ. ಪಾತ್ರೆ ಅಲ್ಲೇ ಬಿಟ್ಟೆ.

ಹೋಗಿ ನೋಡಿದೆ. ಕಣ್ಣು ತೆರೆದೇ ಇತ್ತು. ಎದೆ ನಿಂತುಹೋಗಿತ್ತು. ಗುಬ್ಬಿ ಚೀಟಿ ಹಿಡಿದುಕೊಂಡು ಅವರ ತಲೆಯ ಹತ್ತಿರ ಕೂತಿದ್ದಳು.

ಅದಾದ ಮೇಲೆ ಆ ಕೋಣೆಯ ಬಾಗಿಲು ಹಾಕಿಬಿಟ್ಟೆ. ಮಕ್ಕಳ ಕೂಗು ಕಿವಿಯಿಂದ ಹೋಗಲಿಲ್ಲ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಿದ್ದೆ.

ಒಂದು ದಿನ ಟೈಲರಮ್ಮ ಅಳತೆ ಟೇಪು ಕತ್ತಿನಲ್ಲಿ ಹಾಗೇ ಇಟ್ಟುಕೊಂಡು ಮೇಲೆ ಬಂದಳು.

"ಅಕ್ಕಾ, ನಿಮ್ಮ ದುಃಖದಲ್ಲಿ ನೀವಿದ್ದೀರ. ಆದ್ರೂ ಬಂದೆ. ನನ್ನ ಮಗಳು ಬಾಯಿ ಬಿಡ್ತಿಲ್ಲ."

"ಊಟ ಮಾಡ್ತಾಳಾ?"

"ಊಟಕ್ಕೆ ಬಿಡ್ತಾಳೆ, ಮಾತಿಗಿಲ್ಲ. ಸ್ಕೂಲಲ್ಲಿ ಓದು ಅಂದ್ರೆ ತುಟಿ ಹೊಲ್ಕೊಂಡ ಹಾಗೆ ನಿಲ್ತಾಳಂತೆ. ಹೀಗೇ ಆದ್ರೆ ಬೇರೆ ಸ್ಕೂಲು ನೋಡ್ಕೊಳ್ಳಿ ಅಂದುಬಿಟ್ರು. ಹೊಡೆದೂ ನೋಡಿದೆ ಅಕ್ಕಾ."

ಅವಳು ಹೇಳದಿದ್ದರೂ ನನಗೆ ಅರ್ಥವಾಯಿತು. ಈ ಮಗು ತಾನೇ ಕೊಂದೆ ಎಂದುಕೊಂಡಿದೆ.

"ಕಳಿಸು," ಎಂದೆ. ಏನು ಮಾಡಬೇಕು ಎಂದು ಗೊತ್ತಿರಲಿಲ್ಲ. ನಾನು ಸ್ಕೂಲಿಗೆ ಹೋಗಿದ್ದು ಅಷ್ಟಕ್ಕಷ್ಟೇ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು ನಾನು.

ಗುಬ್ಬಿ ಬಂದಳು. ಆ ಕೋಣೆಯ ಬಾಗಿಲು ತೆಗೆದೆ, ಅವಳು ಹೊಸಿಲು ದಾಟಲಿಲ್ಲ. ನಾನು ಅವಳ ಕೈ ಹಿಡಿದೆ. ಒಳಗೆ ಕರೆದುಕೊಂಡು ಹೋಗಿ ಚೀಟಿಯ ಡಬ್ಬಿ ತೆಗೆದಾಗ ಅವಳು ಗೋಡೆಗೆ ಅಂಟಿಕೊಂಡಳು.

"ನಾನು ಓದಿದ್ದಕ್ಕೇ ಬಿದ್ರು," ಎಂದಳು. ಉಸಿರಿಗಿಂತ ಸಣ್ಣ ದನಿ.

ನಾನು ಸಮಾಧಾನ ಹೇಳಲಿಲ್ಲ. ಹೇಳಿದರೆ ನಂಬುವ ಹಾಗಿರಲಿಲ್ಲ ಅವಳು. ಡಬ್ಬಿಯಲ್ಲಿ ಹುಡುಕಿ ಚೀಟಿ ಜೋಡಿಸಿ ನಾನೇ ಓದಿದೆ.

"ಅಜ್ಜಿ... ನೆಲದ... ಮೇಲೆ... ಬಿ... ಬಿದ್ದಳು."

ಓದಿ ಅಲ್ಲೇ, ಅವರು ಬಿದ್ದಿದ್ದ ಜಾಗದಲ್ಲೇ ಮಲಗಿದೆ. ಬೀಳುವ ವಯಸ್ಸಲ್ಲ ನನ್ನದು, ಮಲಗಿದೆ. ನೆಲ ಕೊರೆಯುತ್ತಿತ್ತು. ಮೇಲೆ ಫ್ಯಾನು ಕಾಣುತ್ತಿತ್ತು. ಅವರು ಕೊನೆಗೆ ನೋಡಿದ್ದೂ ಇದನ್ನೇ ಅನ್ನಿಸಿದಾಗ ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಅಯ್ಯೋ, ಇವಳ ಕಣ್ಣೆದುರಿಗೆ ನಾನೂ ಹೋಗಿಬಿಟ್ಟರೆ ಈ ಮಗುವಿನ ಗತಿಯೇನು ಎಂದು ಹೆದರಿದೆ. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಅವಳ ಬಾಯಿ ತೆರೆಯಿತು. "ಎದ್ದಳು" ಎನ್ನಲು ನೋಡುತ್ತಿದ್ದಳು. ದನಿ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

ಒಂದು ಕೈ ಊರಿ, ಮಂಡಿ ಹಿಡಿದು, "ಅಮ್ಮಾ" ಎಂದು ನರಳುತ್ತಾ ಎದ್ದು ಕೂತೆ.

"ಯಾರು ಓದಿದ್ರೇ, ಈಗ ನಾನು ಏಳೋಕೆ?"

ಇಲ್ಲವೆಂದು ತಲೆಯಾಡಿಸಿದಳು.

"ಯಾರೂ ಓದ್ಲಿಲ್ಲ. ನನ್ನ ಎದೆ ಹೊಡ್ಕೋತಿತ್ತು, ಎದ್ದೆ. ಮೇಷ್ಟ್ರ ಎದೆ ನಿಂತಿತ್ತು, ಏಳ್ಲಿಲ್ಲ. ಕಾಗದದ ಚೂರಿಗೆ ಅಷ್ಟು ತಾಕತ್ತಿದ್ದಿದ್ರೆ ಈ ಮನೆ ಗೋಡೆ ತುಂಬಾ ಎದ್ದರು, ಎದ್ದರು ಅಂತ ನಾನೇ ಬರೀತಿದ್ನಲ್ಲೇ ಕಂದಾ."

ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಅವರು ಹೋದ ಮೇಲೆ ಗಟ್ಟಿಯಾಗಿ ಅತ್ತಿದ್ದು ಅದೇ ಮೊದಲು. ಗುಬ್ಬಿ ಗೋಡೆ ಬಿಟ್ಟು ಬಂದು ನನ್ನ ತೊಡೆ ಮೇಲೆ ಕೂತಳು.

"ನೀನು ಮತ್ತೆ ಬೀಳ್ಬೇಡ ಅಜ್ಜಿ."

"ಇಲ್ಲ," ಎಂದೆ.

ಸ್ಕೂಲಿನಲ್ಲಿ ಈಗ ಓದುತ್ತಾಳಂತೆ. ಮೊದಮೊದಲು ಒಂದೊಂದೇ ಸಾಲು, ಈಗ ಇಡೀ ಪಾಠ. ಆದರೆ ಹೊರಡುವ ಮುಂಚೆ ಬ್ಯಾಗು ಹೊತ್ತು ಬೀದಿಯಲ್ಲಿ ನಿಂತುಬಿಡುತ್ತಾಳೆ. ನಾನು ಕಾಣದಿದ್ದರೆ ಅವಳಮ್ಮ ಎಳೆದರೂ ಹೆಜ್ಜೆ ಕೀಳುವುದಿಲ್ಲ. ನನಗೊಮ್ಮೆ ಜ್ವರ ಬಂದು ಮಲಗಿದ್ದ ದಿನ ಅವಳ ಬಾಯಿಂದ ಒಂದಕ್ಷರ ಹೊರಡಲಿಲ್ಲ ಎಂದು ಟೈಲರಮ್ಮ ಹೇಳಿದಳು. ಬೀಳುವುದಿಲ್ಲ ಎಂದು ಮಗುವಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ಅದು ನನ್ನ ಕೈಯಲ್ಲಿಲ್ಲ. ಕಣ್ಣು ಬಿಟ್ಟ ಕೂಡಲೇ ಮೊದಲು ಎದೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಅವಳು ಹೊರಡುವ ಹೊತ್ತಿಗೆ ಬಾಗಿಲಿನ ಕಾಲೊರಸು ತೆಗೆದುಕೊಂಡು ಬಾಲ್ಕನಿಗೆ ಹೋಗುತ್ತೇನೆ. ಈಗ ಮನೆಗೆ ಬರುವವರೇ ಕಡಿಮೆ, ಅದರಲ್ಲಿ ಧೂಳೂ ಇರುವುದಿಲ್ಲ. ಆದರೂ ಕಂಬಿಯ ಮೇಲೆ ಬಗ್ಗಿ ಪಟಪಟ ಕೊಡವುತ್ತೇನೆ. ಗುಬ್ಬಿ ತಲೆ ಎತ್ತಿ ನೋಡುವವರೆಗೂ ಕೊಡವುತ್ತಲೇ ಇರುತ್ತೇನೆ.